ಬಾಯಿಯ ಮಚ್ಚೆ, ಸ್ಲೈಡಿನ ಕಂದು ಬಣ್ಣ: ರೋಗನಿರೋಧಕ ರಿಸೆಪ್ಟರ್ ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ

ಬಾಯಿ ಕ್ಯಾನ್ಸರ್ ಎಂದು ಗೊತ್ತಾದವರ ಕೈಗೆ ಈಗ ಎರಡು ಬಗೆಯ ವರದಿ ಬರುತ್ತಿದೆ. ಒಂದು, ಹಿಂದಿನಿಂದ ಇದ್ದದ್ದೇ: ಯಾವ ಬಗೆಯ ಕ್ಯಾನ್ಸರ್, ಯಾವ ದರ್ಜೆ, ಎಷ್ಟು ಆಳಕ್ಕೆ ಇಳಿದಿದೆ ಎಂದು ಹೇಳುವ ಬಯಾಪ್ಸಿ ವರದಿ. ಇನ್ನೊಂದು ಈಚಿನ ವರ್ಷಗಳಲ್ಲಿ ಸೇರಿಕೊಂಡದ್ದು. ಅದರಲ್ಲಿ ‘ಪಿಡಿ-ಎಲ್1, ಸಿಪಿಎಸ್ 12’ ಎಂಬಂಥ ಒಂದು ಸಾಲು ಇರುತ್ತದೆ. ಪಿಡಿ-ಎಲ್1 ಎಂಬುದು ಕೋಶದ ಮೈಮೇಲಿನ ಒಂದು ಪ್ರೋಟೀನು, ಸಿಪಿಎಸ್ ಎಂಬುದು ಅದನ್ನು ಎಣಿಸಿ ಕೊಡುವ ಅಂಕ. ಆ ಸಾಲನ್ನು ಹಿಡಿದುಕೊಂಡು ಮನೆಯವರು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಈ ಅಂಕಿ ಜಾಸ್ತಿ ಇದ್ದರೆ ಒಳ್ಳೆಯದೋ, ಕೆಟ್ಟದ್ದೋ?

ದಾವಣಗೆರೆಯ ಎರಡು ದಂತ ವೈದ್ಯಕೀಯ ಕಾಲೇಜುಗಳಿಗೂ ಚಿತ್ರದುರ್ಗದ ದಂತ ಕಾಲೇಜಿಗೂ ಚನ್ನಗಿರಿ, ಹೊನ್ನಾಳಿ, ಜಗಳೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯಿಂದ ಬರುವವರಲ್ಲಿ ಕ್ಯಾನ್ಸರ್ ಆಗಿರದವರೂ ಇದ್ದಾರೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ಅಲ್ಲಲ್ಲಿ ಕೆಂಪು, ಖಾರ ತಾಗಿದರೆ ಉರಿ, ಬಾಯಿ ಪೂರ್ತಿ ತೆರೆಯಲು ಬಾರದಷ್ಟು ಬಿಗಿತ. ಇವರಿಗೂ ಅದೇ ಪರೀಕ್ಷೆ ಮಾಡಿಸಿದರೆ ‘ಮುಂದೆ ಕ್ಯಾನ್ಸರ್ ಆಗುತ್ತದೋ ಇಲ್ಲವೋ’ ಎಂದು ಮೊದಲೇ ತಿಳಿಯುವುದಿಲ್ಲವೇ ಎಂಬುದು ಎರಡನೆಯ ಪ್ರಶ್ನೆ.

ಎರಡಕ್ಕೂ ನೇರ ಉತ್ತರ ಕೊಡಬಹುದು, ಆದರೆ ಒಂದೇ ಉತ್ತರವಲ್ಲ. ಕ್ಯಾನ್ಸರ್ ಆಗಿರುವ ಕೆಲವರಿಗೆ ಈ ಪರೀಕ್ಷೆ ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ. ಮಚ್ಚೆ ಅಥವಾ ಬಿಗಿತ ಮಾತ್ರ ಇರುವವರು ಇವತ್ತಿನ ಮಟ್ಟಿಗೆ ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ. ಯಾಕೆಂದರೆ ರಿಸೆಪ್ಟರ್, ಅಂದರೆ ಹೊರಗಿನ ಸಂದೇಶ ಹಿಡಿಯುವ ಕೋಶದ ಪ್ರೋಟೀನು, ಎಷ್ಟಿದೆ ಎಂಬ ಅಂಕಿಗೆ ತನ್ನಷ್ಟಕ್ಕೆ ಅರ್ಥವಿಲ್ಲ. ಅದು ಯಾವ ಕೋಶದ ಮೇಲಿದೆ, ಒಳಪೊರೆಯ ಯಾವ ಪದರದಲ್ಲಿದೆ, ತುಣುಕನ್ನು ಬಾಯಿಯ ಯಾವ ಜಾಗದಿಂದ ತೆಗೆದರು, ಬಾಟಲಿಯಲ್ಲಿ ಏನಿತ್ತು ಎಂಬುದರ ಮೇಲೆ ಅದೇ ಅಂಕಿಯ ಅರ್ಥ ತಿರುವುಮುರುವಾಗುತ್ತದೆ.

ಮೊದಲು ನೆಲದ ಮಾತು. ಚನ್ನಗಿರಿ ಸೀಮೆಯ ಅಡಿಕೆ ತೋಟಗಳು, ಭೀಮಸಮುದ್ರದ ವ್ಯಾಪಾರ, ಹೊಳಲ್ಕೆರೆ ಕಡೆಯ ಬೆಳೆ, ಇದೆಲ್ಲ ನಮ್ಮ ಎರಡೂ ಜಿಲ್ಲೆಗಳ ಜೀವನಾಧಾರ. ಅಡಿಕೆಯ ಬಗ್ಗೆ ಇಲ್ಲಿ ಮಾತಾಡುವುದು ಸುಲಭವಲ್ಲ ಎಂಬುದು ಗೊತ್ತಿದ್ದೇ ಹೇಳಬೇಕಾಗಿದೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ, ತಂಬಾಕು ಸೇರಿರದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ವಿವರವಾದ ವರದಿ ಪ್ರಕಟಿಸಿತು. ತಂಬಾಕು, ಸುಣ್ಣ ಕೂಡಿದಾಗ ಅಪಾಯ ಇನ್ನೂ ಏರುತ್ತದೆ. ಐಎಆರ್‌ಸಿಯ ಕ್ಯಾನ್ಸರ್ ಅಂಕಿಅಂಶ ಯೋಜನೆ ಗ್ಲೋಬೊಕಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಮಂದಿಗೆ ಹೊಸದಾಗಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ನಮ್ಮ ಗಂಡಸರಲ್ಲಿ ಮೊದಲ ಸ್ಥಾನದಲ್ಲಿರುವ ಕ್ಯಾನ್ಸರ್ ಇದೇ. ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಸಿಗುವವರೆಗೆ ಕೆನ್ನೆಯ ಸಂದಿಯಲ್ಲಿ ಅವೆರಡೂ ಸೇರುವುದನ್ನು ಯಾವ ಆದೇಶವೂ ತಡೆಯುವುದಿಲ್ಲ.

ಅಡಿಕೆ ಚೂರು, ಸುಣ್ಣ, ಹೊಗೆಸೊಪ್ಪು ದಿನವಿಡೀ ಒಂದೇ ಜಾಗದಲ್ಲಿ ಕೂತರೆ ಅಲ್ಲಿನ ಒಳಪೊರೆ ಮತ್ತೆ ಮತ್ತೆ ಗಾಯವಾಗಿ ಮತ್ತೆ ಮತ್ತೆ ಮಾಯುತ್ತದೆ. ಅಡಿಕೆಯ ಅರೆಕೊಲಿನ್ ಎಂಬ ರಾಸಾಯನಿಕ ಕೆಳಗಿನ ನಾರುಕೋಶಗಳನ್ನು ಕೆಣಕುತ್ತದೆ. ಅಡಿಕೆಯಲ್ಲಿ ಧಾರಾಳವಾಗಿರುವ ತಾಮ್ರ, ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಕಿಣ್ವಕ್ಕೆ ಬಲ ಕೊಡುತ್ತದೆ. ಕೆನ್ನೆ ಹಲಗೆಯಂತಾಗುತ್ತದೆ, ಮೇಲಿನ ಪೊರೆ ತೆಳುವಾಗುತ್ತದೆ. ಇದೇ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಾಯಿ ಬಿಗಿತ. ಭಾರತದಲ್ಲಿ 17 ವರ್ಷ ಬೆನ್ನು ಹತ್ತಿ ಮಾಡಿದ ಒಂದು ಹಳೆಯ ಅಧ್ಯಯನದಲ್ಲಿ ಇಂಥವರಲ್ಲಿ ಶೇ. 7.6 ಮಂದಿಗೆ ಕ್ಯಾನ್ಸರ್ ಬಂತು. ಬಿಳಿ ಮಚ್ಚೆಯಲ್ಲಿ, ಅಂದರೆ ಲ್ಯುಕೋಪ್ಲೇಕಿಯಾದಲ್ಲಿ, ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಈ ಪ್ರಮಾಣ ನೂರಕ್ಕೆ ಹತ್ತರ ಆಸುಪಾಸು. ಕೆಂಪು ಮಚ್ಚೆಯಲ್ಲಿ ಅದಕ್ಕಿಂತ ಬಹಳ ಹೆಚ್ಚು. ಹಾಗಾದರೆ ಬಿಳಿ ಮಚ್ಚೆಯ ನೂರು ಜನರಲ್ಲಿ ಉಳಿದ ತೊಂಬತ್ತು ಜನಕ್ಕೆ ಕ್ಯಾನ್ಸರ್ ಬರುವುದಿಲ್ಲ. ಆ ಹತ್ತು ಜನ ಯಾರು ಎಂದು ಮೊದಲೇ ಗುರುತಿಸುವ ಆಸೆಯೇ ಮಚ್ಚೆಗಳಲ್ಲಿ ರಿಸೆಪ್ಟರ್ ಹುಡುಕುವ ಸಂಶೋಧನೆಗೆಲ್ಲ ಮೂಲ.

ಎರಡು ಜಾತಿಯ ರಿಸೆಪ್ಟರ್

ಇಲ್ಲಿ ಚರ್ಚೆಗೆ ಬರುವ ರಿಸೆಪ್ಟರ್‌ಗಳಲ್ಲಿ ಎರಡು ಕುಟುಂಬ ಮುಖ್ಯ. ಇವುಗಳ ಕೆಲಸ ಬೇರೆ ಬೇರೆ. ಎರಡನ್ನೂ ‘ಇಮ್ಯೂನ್ ಮಾರ್ಕರ್’ ಎಂದು ಒಂದೇ ಚೀಲಕ್ಕೆ ತುಂಬುವುದರಿಂದ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಟೋಲ್-ಲೈಕ್ ರಿಸೆಪ್ಟರ್, ಚಿಕ್ಕದಾಗಿ ಟಿಎಲ್‌ಆರ್. ಮನುಷ್ಯರಲ್ಲಿ 10 ಇವೆ. ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಇಲ್ಲದಿದ್ದರೆ ಅದು ಶಿಲೀಂಧ್ರದ ಸೋಂಕಿಗೆ ಸಾಯುತ್ತದೆ ಎಂದು ಜೂಲ್ಸ್ ಹಾಫ್‌ಮನ್ ತಂಡ 1996ರಲ್ಲಿ ತೋರಿಸಿತು. ಸಸ್ತನಿಗಳಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ವಿಷವಸ್ತುವನ್ನು ಗುರುತಿಸುವುದು ಟಿಎಲ್‌ಆರ್-4 ಎಂದು ಬ್ರೂಸ್ ಬಾಯ್ಟ್ಲರ್ ತಂಡ 1998ರಲ್ಲಿ ಕಂಡುಹಿಡಿಯಿತು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ಬಂತು. ಟಿಎಲ್‌ಆರ್-2 ಬ್ಯಾಕ್ಟೀರಿಯಾದ ಕೊಬ್ಬು ಅಂಟಿದ ಪ್ರೋಟೀನ್‌ಗಳನ್ನು, 5 ಅದರ ಚಾವಟಿಯಂಥ ಬಾಲದ ಪ್ರೋಟೀನನ್ನು ಗುರುತಿಸುತ್ತವೆ. ಇವು ಕೋಶದ ಹೊರಮೈ ಮೇಲಿರುತ್ತವೆ. 3, 7, 8, 9 ಕೋಶದ ಒಳಗಿನ ಚೀಲಗಳಲ್ಲಿ ಕೂತು ವೈರಸ್ಸು, ಬ್ಯಾಕ್ಟೀರಿಯಾಗಳ ಆರ್‌ಎನ್‌ಎ, ಡಿಎನ್‌ಎ ನೋಡುತ್ತವೆ.

ಬಾಯಿ ಎಂದರೆ ಬ್ಯಾಕ್ಟೀರಿಯಾಗಳ ಸಂತೆ. ವಸಡಿನ ರೋಗ ಇದ್ದವರಲ್ಲಂತೂ ಪಾರ್ಫಿರೊಮೊನಾಸ್ ಜಿಂಜಿವಾಲಿಸ್, ಫ್ಯೂಸೊಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ ಥರದವು ಧಾರಾಳ. ಸಾಲದ್ದಕ್ಕೆ, ಟಿಎಲ್‌ಆರ್-2 ಮತ್ತು 4 ಎಚ್ಚರಗೊಳ್ಳಲು ಬ್ಯಾಕ್ಟೀರಿಯಾ ಇರಲೇಬೇಕೆಂದಿಲ್ಲ. ಸುಣ್ಣದಿಂದ ಸುಟ್ಟ, ಅಡಿಕೆ ಚೂರಿನಿಂದ ಗೀರಿದ ನಮ್ಮದೇ ಕೋಶಗಳು ಸಾಯುವಾಗ ಹೊರಬೀಳುವ ಎಚ್‌ಎಮ್‌ಜಿಬಿ1 ಎಂಬ ಪ್ರೋಟೀನೂ ಅವನ್ನು ಎಬ್ಬಿಸುತ್ತದೆ. ಎದ್ದ ರಿಸೆಪ್ಟರ್ ಮೈಡಿ88 ಎಂಬ ಮಧ್ಯವರ್ತಿಯ ಮೂಲಕ ಎನ್‌ಎಫ್-ಕಪ್ಪಾ-ಬಿ ಎಂಬ ಸ್ವಿಚ್ಚನ್ನು ಒತ್ತುತ್ತದೆ. ಕೋಶ ಇಂಟರ್‌ಲ್ಯೂಕಿನ್-6, 8 ಮೊದಲಾದ ಉರಿಯೂತದ ಸಂದೇಶಗಳನ್ನು ಹೊರಹಾಕುತ್ತದೆ. ಒಂದೆರಡು ದಿನ ಇದು ನಡೆದರೆ ಗಾಯ ಮಾಯುತ್ತದೆ. ವರ್ಷಗಟ್ಟಲೆ ನಡೆದರೆ ಅದೇ ಸಂದೇಶಗಳು ಕೋಶ ಸಾಯದಂತೆ ನೋಡಿಕೊಳ್ಳುತ್ತವೆ, ಹೊಸ ರಕ್ತನಾಳ ಬೆಳೆಸುತ್ತವೆ, ಕೆಟ್ಟ ಕೋಶಕ್ಕೂ ಅನ್ನ ನೀರು ಒದಗಿಸುತ್ತವೆ.

ಹಾಗೆಂದು ಟಿಎಲ್‌ಆರ್‌ಗಳನ್ನು ‘ಕ್ಯಾನ್ಸರ್ ತರುವವು’ ಎಂದು ಬರೆಯುವುದು ತಪ್ಪು. ಟಿಎಲ್‌ಆರ್-3 ಎಬ್ಬಿಸಿದರೆ ಹಲವು ಬಗೆಯ ಕ್ಯಾನ್ಸರ್ ಕೋಶಗಳು ಸಾಯುತ್ತವೆ. ಟಿಎಲ್‌ಆರ್-7 ಎಬ್ಬಿಸುವ ಇಮಿಕ್ವಿಮಾಡ್ ಮುಲಾಮನ್ನು ಚರ್ಮದ ಕೆಲವು ಮೇಲ್ಪದರದ ಕ್ಯಾನ್ಸರ್‌ಗಳಿಗೆ ಹಚ್ಚುತ್ತಾರೆ. ಮೂತ್ರಕೋಶದ ಕ್ಯಾನ್ಸರ್‌ಗೆ ಕೊಡುವ ಬಿಸಿಜಿ ಕೂಡ ಭಾಗಶಃ ಟಿಎಲ್‌ಆರ್-2, 4ರ ಮೂಲಕ ಕೆಲಸ ಮಾಡುತ್ತದೆ. ಒಂದೇ ರಿಸೆಪ್ಟರ್ ಕಾವಲಿನ ಕೋಶದ ಮೇಲಿದ್ದಾಗ ಒಂದು ಫಲ, ಕೆಟ್ಟ ಎಪಿಥೀಲಿಯಂ (ಒಳಪೊರೆಯ ಹೊದಿಕೆ) ಕೋಶದ ಮೇಲಿದ್ದಾಗ ಇನ್ನೊಂದು ಫಲ.

ಎರಡನೆಯ ಕುಟುಂಬ ಪಿಡಿ-1 ಮತ್ತು ಅದರ ಜೋಡಿ ಪಿಡಿ-ಎಲ್1. ಟಿ ಕೋಶದ, ಅಂದರೆ ಕೆಟ್ಟ ಕೋಶಗಳ ಮೇಲೆ ದಾಳಿ ಮಾಡುವ ಬಿಳಿ ರಕ್ತಕಣದ, ಮೇಲಿರುವ ಪಿಡಿ-1 ಬ್ರೇಕ್ ಪೆಡಲ್ ಆದರೆ, ಅದನ್ನು ಒತ್ತುವ ಕಾಲು ಪಿಡಿ-ಎಲ್1. ಕಟ್ಟುನಿಟ್ಟಾಗಿ ನೋಡಿದರೆ ಪಿಡಿ-1 ಮಾತ್ರ ರಿಸೆಪ್ಟರ್, ಪಿಡಿ-ಎಲ್1 ಅದಕ್ಕೆ ಅಂಟುವ ಪ್ರೋಟೀನು; ಇಲ್ಲಿ ಎರಡನ್ನೂ ಒಟ್ಟಿಗೆ ಹೇಳಿದೆ. ಪಿಡಿ-1 ಅನ್ನು ಜಪಾನಿನ ತಸುಕು ಹೊಂಜೊ ತಂಡ 1992ರಲ್ಲಿ ಗುರುತಿಸಿತು. ಕ್ಯಾನ್ಸರ್ ಚಿಕಿತ್ಸೆಗೆ ಈ ತಿಳಿವಳಿಕೆ ತಂದ ಬದಲಾವಣೆಗೆ ಹೊಂಜೊ ಮತ್ತು ಜೇಮ್ಸ್ ಆಲಿಸನ್ 2018ರ ನೊಬೆಲ್ ಹಂಚಿಕೊಂಡರು. ಟಿ ಕೋಶಗಳು ದಾಳಿ ಮಾಡುವಾಗ ಬಿಡುವ ಇಂಟರ್‌ಫೆರಾನ್-ಗಾಮಾ ತಾಗಿದ ಕೋಶ, ತನ್ನ ಮೈಮೇಲೆ ಪಿಡಿ-ಎಲ್1 ಬೆಳೆಸಿಕೊಂಡು ದಾಳಿಯನ್ನು ತಣ್ಣಗಾಗಿಸುತ್ತದೆ. ಹಾಗಾಗಿ ಪಿಡಿ-ಎಲ್1 ಹೆಚ್ಚು ಕಂಡರೆ ಎರಡು ಸಾಧ್ಯತೆ. ಅಲ್ಲಿ ಟಿ ಕೋಶಗಳು ಬಂದು ಹೋರಾಡಿ ಬ್ರೇಕಿಗೆ ಸಿಕ್ಕಿರಬಹುದು. ಈ ಬ್ರೇಕ್ ಬಿಡಿಸುವ ಔಷಧಿ ಕೆಲಸ ಮಾಡುವ ಜಾಗ ಅದೇ. ಇಲ್ಲವೇ, ಒಂಬತ್ತನೆಯ ಕ್ರೋಮೋಸೋಮಿನಲ್ಲಿ ಪಿಡಿ-ಎಲ್1 ಜೀನ್ ಇರುವ ತುಂಡು ಹೆಚ್ಚು ಪ್ರತಿಗಳಾಗಿಯೋ, ಕೋಶದೊಳಗಿನ ಬೆಳವಣಿಗೆಯ ಸಂಕೇತ ಕೆಟ್ಟೋ, ಯಾವ ಟಿ ಕೋಶವೂ ಹತ್ತಿರ ಸುಳಿಯದಿದ್ದರೂ ಅದು ಬೆಳೆದಿರಬಹುದು. ಪರೀಕ್ಷೆಯ ಬಣ್ಣ ಹಾಕಿದ ಸ್ಲೈಡಿನಲ್ಲಿ ಎರಡೂ ಕಂದು ಬಣ್ಣವೇ. ಸುತ್ತ ಟಿ ಕೋಶಗಳು ಇವೆಯೋ ಇಲ್ಲವೋ ಎಂದು ಪಕ್ಕದಲ್ಲೇ ನೋಡದಿದ್ದರೆ ವ್ಯತ್ಯಾಸ ತಿಳಿಯದು. ಬಾಯಿ ಬಿಗಿತದಿಂದ ಹುಟ್ಟಿದ ಕ್ಯಾನ್ಸರಿನಲ್ಲಿ ಇದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು: ದಟ್ಟ ನಾರು, ಬಡ ರಕ್ತನಾಳ, ನಾರು ಬೆಳೆಸುವ ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನು ತುಂಬಿದ ನೆಲದಲ್ಲಿ ಟಿ ಕೋಶಗಳು ಗಡ್ಡೆಯ ಒಳಗೆ ಹೊಗದೆ ಅಂಚಿನಲ್ಲೇ ನಿಂತುಬಿಡಬಹುದು.

ಎರಡು ಕುಟುಂಬಗಳಿಗೆ ನಂಟೂ ಇದೆ. ಟಿಎಲ್‌ಆರ್ ಎಬ್ಬಿಸುವ ಎನ್‌ಎಫ್-ಕಪ್ಪಾ-ಬಿ ದಾರಿಯೇ ಪಿಡಿ-ಎಲ್1 ಅನ್ನೂ ಹೆಚ್ಚಿಸಬಲ್ಲದು. ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಸೋಂಕು ತಗುಲಿಸಿದ ಬಾಯಿ ಕ್ಯಾನ್ಸರ್ ಕೋಶಗಳಲ್ಲಿ ಪಿಡಿ-ಎಲ್1 ಏರುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ವಸಡು ಸ್ವಚ್ಛ ಮಾಡಿಸಿದರೆ ಕ್ಯಾನ್ಸರ್ ತಡೆಯಬಹುದು ಎಂದು ಇದರಿಂದ ಹೇಳಲಾಗದು. ಆದರೆ ವಸಡು ಊದಿಕೊಂಡು ಕೀವಿರುವ ಬಾಯಿಯಿಂದ ತೆಗೆದ ತುಣುಕಿನಲ್ಲಿ ರಿಸೆಪ್ಟರ್ ಹೆಚ್ಚಿದ್ದರೆ ಅದು ಕ್ಯಾನ್ಸರಿನದೋ ಕೀವಿನದೋ ಎಂದು ಕೇಳಲೇಬೇಕು.

ಸ್ಲೈಡಿನ ಮೇಲೆ ಏನು ಕಾಣುತ್ತದೆ

ಲ್ಯುಕೋಪ್ಲೇಕಿಯಾದ ಒಂದು ತುಣುಕನ್ನು 4 ಮೈಕ್ರಾನ್ ದಪ್ಪಕ್ಕೆ ಸೀಳಿ ಟಿಎಲ್‌ಆರ್-4ಕ್ಕೆ ಬಣ್ಣ ಹಾಕಿದ್ದೇವೆ ಎಂದುಕೊಳ್ಳಿ. ಕೆಳಗೆ ಬೇಸಲ್ ಪದರ, ಅದರ ಮೇಲೆ ಮುಳ್ಳುಕೋಶಗಳ ಪದರ, ತುದಿಗೆ ದಪ್ಪ ಕೆರಾಟಿನ್. ಆರೋಗ್ಯದ ಒಳಪೊರೆಯಲ್ಲಿ ಕಂದು ಬಣ್ಣ ಸಾಮಾನ್ಯವಾಗಿ ಕೆಳಗಿನ ಪದರಗಳಲ್ಲಿ ತೆಳ್ಳಗೆ ಕಾಣುತ್ತದೆ. ಡಿಸ್‌ಪ್ಲೇಸಿಯಾ, ಅಂದರೆ ಕೋಶಗಳ ಆಕಾರ ಮತ್ತು ಜೋಡಣೆ ಕೆಡುವುದು, ಹೆಚ್ಚಿದಂತೆ ಬಣ್ಣ ಮೇಲ್ಪದರಗಳಿಗೂ ಹಬ್ಬಿ ಗಾಢವಾಗುತ್ತದೆ, ಕ್ಯಾನ್ಸರಿನಲ್ಲಿ ಇನ್ನೂ ಹೆಚ್ಚು ಎಂಬುದು ಟಿಎಲ್‌ಆರ್-2, 4, 9ರ ಬಗ್ಗೆ ಬಂದ ಹಲವು ಅಧ್ಯಯನಗಳ ಒಟ್ಟು ಚಿತ್ರ. ಕರ್ನಾಟಕದ ದಂತ ಕಾಲೇಜುಗಳಿಂದಲೂ ಇಂಥ ಕೆಲಸ ಬಂದಿದೆ.

ಆದರೆ ಈ ತುಣುಕನ್ನೇ ಇನ್ನೂ ಹತ್ತಿರದಿಂದ ನೋಡಿ. ಬೇಸಲ್ ಪದರದಲ್ಲಿ ಸಾಲಾಗಿ ಕಂದು ಚುಕ್ಕೆಗಳು. ಅದು ರಿಸೆಪ್ಟರ್ ಇರುವ ಜಾಗ ತೋರಿಸಲು ನಾವು ಹಾಕಿದ ಡಿಎಬಿ ಎಂಬ ಕಂದು ಬಣ್ಣವೋ, ಚರ್ಮಕ್ಕೆ ಬಣ್ಣ ಕೊಡುವ ದೇಹದ್ದೇ ಮೆಲಾನಿನ್ನೋ? ನಮ್ಮ ಜನರ ಬಾಯೊಳಗೆ ಮೆಲಾನಿನ್ ಸಹಜ. ತಂಬಾಕು ಹಾಕುವವರಲ್ಲಿ ಇನ್ನೂ ಹೆಚ್ಚು. ಬಿಳಿ ಚರ್ಮದವರ ತುಣುಕುಗಳ ಮೇಲೆ ರೂಪಿಸಿದ ವಿಧಾನವನ್ನು ಇಲ್ಲಿಗೆ ಹಾಗೇ ತಂದರೆ ಬೇಸಲ್ ಪದರದ ಅಂಕಗಳು ಉಬ್ಬುತ್ತವೆ. ಪರಿಹಾರ ಕಷ್ಟದ್ದಲ್ಲ. ಪ್ರಾಥಮಿಕ ಪ್ರತಿಕಾಯ, ಅಂದರೆ ರಿಸೆಪ್ಟರಿಗೆ ಹೋಗಿ ಅಂಟುವ ಪ್ರೋಟೀನು, ಹಾಕದ ಒಂದು ನಿಯಂತ್ರಣ ಸ್ಲೈಡನ್ನು ಅದೇ ತುಣುಕಿನಿಂದ ಮಾಡಿಟ್ಟರೆ ಅದರಲ್ಲಿ ಉಳಿಯುವ ಕಂದು ರಿಸೆಪ್ಟರಿನದಲ್ಲ, ಹೆಚ್ಚಾಗಿ ಮೆಲಾನಿನ್ನಿನದು. ಹಿನ್ನೆಲೆ ಬಣ್ಣಕ್ಕೆ ಹೆಮಟಾಕ್ಸಿಲಿನ್ ಬದಲು ಗೀಮ್ಸಾ ಬಳಸಿದರೆ ಮೆಲಾನಿನ್ ನೀಲಿ-ಹಸಿರಾಗಿ ತಿರುಗುತ್ತದೆ, ಡಿಎಬಿ ಕಂದಾಗಿಯೇ ಉಳಿಯುತ್ತದೆ. ಇಲ್ಲವೇ ಡಿಎಬಿ ಬಿಟ್ಟು ಕೆಂಪು ಬಣ್ಣ ಕೊಡುವ ಎಇಸಿ ಬಳಸಬಹುದು. ಮೇಲಿನ ಕೆರಾಟಿನ್ ಪದರವೂ ಸುಮ್ಮಸುಮ್ಮನೆ ಬಣ್ಣ ಹಿಡಿಯುತ್ತದೆ, ಅದನ್ನು ಎಣಿಕೆಗೆ ತೆಗೆದುಕೊಳ್ಳಬಾರದು.

ಇನ್ನೊಂದು ಹಳೆಯ ರೋಗ ‘ಆರೋಗ್ಯವಂತರ ತುಣುಕು’ ಎಂಬುದರಲ್ಲಿದೆ. ಹೋಲಿಕೆಗೆ ಬೇಕಾದ ಸಾಮಾನ್ಯ ಒಳಪೊರೆಯನ್ನು ಬಹಳ ಕಡೆ ಬುದ್ಧಿಹಲ್ಲು ಕೀಳುವಾಗ ಸಿಗುವ ತುಣುಕಿನಿಂದ ಪಡೆಯುತ್ತಾರೆ. ಬುದ್ಧಿಹಲ್ಲು ಕೀಳಿಸುವವರು ಬರುವುದೇ ಅಲ್ಲಿ ಊತ, ನೋವು ಇದ್ದಾಗ. ಊದಿದ ಜಾಗದಲ್ಲಿ ಟಿಎಲ್‌ಆರ್ ಆಗಲೇ ಏರಿರುತ್ತದೆ. ಅದರೊಂದಿಗೆ ಮಚ್ಚೆಯನ್ನು ಹೋಲಿಸಿ ‘ವ್ಯತ್ಯಾಸವಿಲ್ಲ’ ಎಂದರೂ, ‘ವ್ಯತ್ಯಾಸವಿದೆ’ ಎಂದರೂ ನಂಬುವುದು ಕಷ್ಟ. ಮಚ್ಚೆಯ ಮೇಲೆ ಕ್ಯಾಂಡಿಡಾ ಬೂಸು ಕೂತಿದ್ದರೂ ಹೀಗೇ. ಬೂಸು ತಾನೇ ಡಿಸ್‌ಪ್ಲೇಸಿಯಾದಂಥ ಬದಲಾವಣೆ ತೋರಿಸುತ್ತದೆ, ಟಿಎಲ್‌ಆರ್-2, 4 ಅನ್ನೂ ಕೆರಳಿಸುತ್ತದೆ. ಪಿಎಎಸ್ ಬಣ್ಣ ಹಾಕಿ ಬೂಸಿನ ಎಳೆಗಳಿವೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಎಲ್ಲಕ್ಕಿಂತ ದೊಡ್ಡ ಮಿತಿ ಅಧ್ಯಯನದ ಚೌಕಟ್ಟಿನದು. ಸಾಮಾನ್ಯ ಒಳಪೊರೆಯ 20 ಜನ, ಮಚ್ಚೆಯ 20 ಜನ, ಕ್ಯಾನ್ಸರಿನ 20 ಜನ ಎಂದು ಮೂರು ಗುಂಪು ಮಾಡಿ ಒಂದೇ ಸಲ ನೋಡಿದಾಗ ಅವರು ಬೇರೆ ಬೇರೆ ಮನುಷ್ಯರು. ಒಬ್ಬರ ಮಚ್ಚೆ ಹೇಗೆ ಮುಂದುವರಿಯಿತು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಅದು ತಿಳಿಯಬೇಕಾದರೆ ಅದೇ ನೂರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಬೇಕು. ಮೂರು ವರ್ಷದ ಸ್ನಾತಕೋತ್ತರ ಪ್ರಬಂಧದಲ್ಲಿ ಅದು ಆಗುವ ಕೆಲಸವಲ್ಲ, ಅದು ವಿದ್ಯಾರ್ಥಿಯ ತಪ್ಪೂ ಅಲ್ಲ. ಆದರೆ ದಾವಣಗೆರೆಯಂಥ ಊರಿಗೆ ಇಲ್ಲೊಂದು ಅನುಕೂಲವಿದೆ: ಒಂದೇ ತಾಲೂಕಿನ ಜನ ಅದೇ ಆಸ್ಪತ್ರೆಗೆ ದಶಕಗಟ್ಟಲೆ ಬರುತ್ತಾರೆ. ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ಹಳೆಯ ಬ್ಲಾಕುಗಳನ್ನು ಫೋನ್ ನಂಬರು, ಚಟದ ವಿವರ, ಮಚ್ಚೆಯ ಫೋಟೋ ಜೊತೆಗೆ ಜೋಪಾನ ಮಾಡಿಟ್ಟರೆ, ಹತ್ತು ವರ್ಷದ ನಂತರ ಅದೇ ಬ್ಲಾಕು ಹೊಸ ವಿದ್ಯಾರ್ಥಿಗೆ ನಿಜವಾದ ಉತ್ತರ ಕೊಡಬಲ್ಲದು.

ಬಾಟಲಿಯಲ್ಲೇ ಕೆಡುವ ಪರೀಕ್ಷೆ

ಪಿಡಿ-ಎಲ್1 ಆಗಲಿ ಟಿಎಲ್‌ಆರ್ ಆಗಲಿ, ವರದಿ ತಪ್ಪಲು ದುಬಾರಿ ಯಂತ್ರದ ದೋಷಕ್ಕಿಂತ ಮೊದಲ ಒಂದು ದಿನದ ಅಜಾಗರೂಕತೆಯೇ ಹೆಚ್ಚು ಕಾರಣ.

ತುಣುಕು ತೆಗೆಯುವ ಜಾಗದಿಂದಲೇ ಶುರು ಮಾಡೋಣ. ಹುಣ್ಣಿನ ನಟ್ಟನಡುವೆ ತೆಗೆದರೆ ಸತ್ತ ಕೋಶ, ಕೀವು, ಬ್ಯಾಕ್ಟೀರಿಯಾ ಬಿಟ್ಟು ಬೇರೆ ಸಿಗುವುದಿಲ್ಲ. ಹುಣ್ಣಿನ ಅಂಚಿನಿಂದ, ಪಕ್ಕದ ಒಳಪೊರೆಯೂ ಸೇರುವಂತೆ ತೆಗೆಯಬೇಕು. ಮಚ್ಚೆಯಲ್ಲಿ ಬಿಳಿಗಿಂತ ಕೆಂಪು ಅಥವಾ ಹರಳುಹರಳಾದ ಭಾಗವನ್ನು ಆರಿಸಬೇಕು, ದೊಡ್ಡ ಮಚ್ಚೆಯಾದರೆ ಒಂದಕ್ಕಿಂತ ಹೆಚ್ಚು ಕಡೆಯಿಂದ. 5–6 ಮಿಲಿಮೀಟರ್ ಅಗಲ ಮತ್ತು ಒಳಪೊರೆಯ ಕೆಳಗಿನ ನಾರಿನ ಪದರ ಸಿಗುವಷ್ಟು ಆಳ ಇರಲಿ. ಇಕ್ಕಳದಿಂದ ಹಿಸುಕಿದರೆ ಕೋಶಗಳು ಜಜ್ಜಿ ಅಂಚೆಲ್ಲ ಕಂದಾಗುತ್ತದೆ.

ಆಮೇಲೆ ಫಾರ್ಮಲಿನ್, ತುಣುಕು ಕೆಡದಂತೆ ನೆನೆಸಿಡುವ ದ್ರವ. ಅಂಗಡಿಯಲ್ಲಿ ಸಿಗುವ 37–40 ಪ್ರತಿಶತ ಫಾರ್ಮಾಲ್ಡಿಹೈಡ್ 100 ಮಿಲಿ, ನೀರು 900 ಮಿಲಿ, ಮೋನೊಸೋಡಿಯಂ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಇದು 10 ಪ್ರತಿಶತ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್. ಫಾಸ್ಫೇಟ್ ಹಾಕದೆ ಬರೀ ನಲ್ಲಿ ನೀರು ಬೆರೆಸಿದರೆ ದಿನ ಕಳೆದಂತೆ ಅದು ಫಾರ್ಮಿಕ್ ಆಮ್ಲವಾಗಿ, ರಕ್ತವಿರುವ ಕಡೆ ಕಂದು-ಕಪ್ಪು ಕಣ ಬಿಡುತ್ತದೆ. ಸ್ಲೈಡಿನಲ್ಲಿ ಅದೂ ಡಿಎಬಿಯಂತೆಯೇ ಕಣ್ಣಿಗೆ ಮೋಸ ಮಾಡುತ್ತದೆ. ದ್ರವ ತುಣುಕಿನ 10 ಪಟ್ಟಾದರೂ ಇರಬೇಕು. ತುಣುಕು ದೇಹದಿಂದ ಬೇರೆಯಾದ ಒಂದು ಗಂಟೆಯೊಳಗೆ ಅದರಲ್ಲಿ ಬೀಳಬೇಕು. 6 ಗಂಟೆಗಿಂತ ಕಡಿಮೆ ನೆನೆದರೂ, 72 ಗಂಟೆ ಮೀರಿದರೂ ಪಿಡಿ-ಎಲ್1 ಫಲಿತಾಂಶ ಸಂಶಯಾಸ್ಪದ. ತಾಲೂಕಿನ ಕ್ಲಿನಿಕ್ಕಿನಲ್ಲಿ ಸಲೈನ್ ಬಾಟಲಿಯಲ್ಲೋ ಸ್ಪಿರಿಟ್ಟಿನಲ್ಲೋ ತುಣುಕು ಹಾಕಿ, ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಜಿಲ್ಲಾ ಕೇಂದ್ರಕ್ಕೆ ಕಳಿಸಿದರೆ, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಗೋ ಹೇಳಬಹುದು, ರಿಸೆಪ್ಟರ್ ಲೆಕ್ಕ ಹೇಳಲಾಗದು. ದವಡೆ ಎಲುಬು ಸೇರಿದ ತುಣುಕನ್ನು ನೈಟ್ರಿಕ್ ಆಮ್ಲದಲ್ಲಿ ಮೆತ್ತಗೆ ಮಾಡಿದರೂ ಅಷ್ಟೆ. ಎಲುಬಿಲ್ಲದ ಒಂದು ಭಾಗವನ್ನು ಮೊದಲೇ ಬೇರ್ಪಡಿಸಿ ಇನ್ನೊಂದು ಬ್ಲಾಕು ಮಾಡಿಟ್ಟರೆ ಈ ತೊಂದರೆ ತಪ್ಪುತ್ತದೆ.

ಇನ್ನು ಎಣಿಕೆ. ಸಿಪಿಎಸ್ ಅಂದರೆ ಕಂಬೈನ್ಡ್ ಪಾಸಿಟಿವ್ ಸ್ಕೋರ್: ಪಿಡಿ-ಎಲ್1 ಇರುವ ಕ್ಯಾನ್ಸರ್ ಕೋಶ, ಹಾಗೂ ರಕ್ಷಣಾ ಕೋಶಗಳಾದ ಲಿಂಫೊಸೈಟ್, ಮ್ಯಾಕ್ರೊಫೇಜ್ ಮೂರನ್ನೂ ಕೂಡಿಸಿ, ಜೀವಂತ ಕ್ಯಾನ್ಸರ್ ಕೋಶಗಳ ಒಟ್ಟು ಸಂಖ್ಯೆಯಿಂದ ಭಾಗಿಸಿ, 100ರಿಂದ ಗುಣಿಸಬೇಕು. ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶ ಇರಬೇಕು. ಉದಾಹರಣೆಗೆ 200 ಕ್ಯಾನ್ಸರ್ ಕೋಶಗಳಲ್ಲಿ 20ರ ಮೈಮೇಲೆ ಬಣ್ಣವಿದೆ, ಸುತ್ತಲಿನ 16 ರಕ್ಷಣಾ ಕೋಶಗಳಲ್ಲೂ ಇದೆ. 36 ಭಾಗಿಸು 200, ಗುಣಿಸು 100, ಅಂದರೆ 18. ಇನ್ನು ನಾಲ್ಕೇ ನಾಲ್ಕು ಮ್ಯಾಕ್ರೊಫೇಜ್ ಲೆಕ್ಕಕ್ಕೆ ಸೇರಿದ್ದರೆ ಅದು 20. ಚಿಕಿತ್ಸೆಯ ಮಾತಿನಲ್ಲಿ 20 ಒಂದು ಗಡಿರೇಖೆ. ನಿಯಮದಲ್ಲಿ ಸೇರದ ನ್ಯೂಟ್ರೊಫಿಲ್, ಪ್ಲಾಸ್ಮಾ ಎಂಬ ಬೇರೆ ರಕ್ಷಣಾ ಕೋಶಗಳನ್ನು, ಗಡ್ಡೆಯಿಂದ ದೂರದ ರಕ್ಷಣಾ ಕೋಶಗಳನ್ನು ಸೇರಿಸಿ ಎಣಿಸಿದವರಿಗೆ ಅಂಕ ಹೆಚ್ಚು ಬರುತ್ತದೆ. ಹುಣ್ಣಾದ ಬಾಯಿ ಕ್ಯಾನ್ಸರಿನಲ್ಲಿ ಈ ತಪ್ಪು ಸಲೀಸಾಗಿ ಆಗುತ್ತದೆ. ಆದ್ದರಿಂದ 17, 18, 21 ಥರದ ಅಂಕ ಬಂದಾಗ ಇನ್ನೊಬ್ಬ ಪೆಥಾಲಜಿಸ್ಟ್ ನೋಡುವುದು ಒಳ್ಳೆಯದು.

ಇದೇ ಎಣಿಕೆಯನ್ನು ಮಚ್ಚೆಗೆ ಹಚ್ಚಲು ಆಗುವುದಿಲ್ಲ. ಸಿಪಿಎಸ್ ನಿಯಮದಲ್ಲಿ ಎಣಿಸುವುದು ಒಳಗೆ ನುಗ್ಗಿದ ಕ್ಯಾನ್ಸರ್ ಕೋಶಗಳನ್ನು ಮಾತ್ರ. ಡಿಸ್‌ಪ್ಲೇಸಿಯಾ ಇರುವ ಭಾಗವನ್ನು ಬಿಡಬೇಕು. ಮಚ್ಚೆಯಲ್ಲಿ ಕ್ಯಾನ್ಸರ್ ಕೋಶವೇ ಇಲ್ಲದಿರುವಾಗ ಯಾವುದರಿಂದ ಭಾಗಿಸುವುದು? ಮಚ್ಚೆಯ ತುಣುಕಿಗೆ ಸಿಪಿಎಸ್ ಕೊಟ್ಟ ವರದಿ ಕಂಡರೆ ಅದನ್ನು ಸಂಶೋಧನೆಯ ಅಂಕಿ ಎಂದು ತಿಳಿಯಬೇಕು, ಚಿಕಿತ್ಸೆಯ ಆಧಾರವೆಂದಲ್ಲ.

ಅಂಕಿಯಿಂದ ಔಷಧಿಗೆ

ಆಪರೇಷನ್‌ಗೆ ನಿಲುಕದ, ಮರುಕಳಿಸಿದ ಅಥವಾ ದೂರಕ್ಕೆ ಹರಡಿದ ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ಪಿಡಿ-ಎಲ್1 ಅಂಕಕ್ಕೆ ನಿಜವಾದ ಬೆಲೆ ಇದೆ. 2019ರಲ್ಲಿ ಪ್ರಕಟವಾದ ಕೀನೋಟ್-048 ಪ್ರಯೋಗದಲ್ಲಿ 882 ರೋಗಿಗಳಿದ್ದರು. ಸಿಪಿಎಸ್ 20 ಅಥವಾ ಮೇಲಿದ್ದವರಲ್ಲಿ ಪಿಡಿ-1ರ ಬ್ರೇಕ್ ಬಿಡಿಸುವ ಪೆಂಬ್ರೊಲಿಜುಮ್ಯಾಬ್ ಔಷಧಿ ಒಂದನ್ನೇ ಪಡೆದವರ ಮಧ್ಯಕ ಬದುಕು (ಅರ್ಧದಷ್ಟು ಜನ ಬದುಕಿದ್ದ ಅವಧಿ) 14.9 ತಿಂಗಳು, ಹಳೆಯ ಪದ್ಧತಿಯ ಸೆಟುಕ್ಸಿಮ್ಯಾಬ್ ಮತ್ತು ಕೀಮೊ ಪಡೆದವರದು 10.7 ತಿಂಗಳು. ಸಿಪಿಎಸ್ 1 ಅಥವಾ ಮೇಲೆ ಎಂದು ನೋಡಿದರೆ 12.3 ಮತ್ತು 10.3. ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ಈ ಹಂತದ ಕ್ಯಾನ್ಸರಿನಲ್ಲಿ ಅಂಕ ಹೆಚ್ಚಿದ್ದರೆ ಇಮ್ಯುನೋಥೆರಪಿ, ಅಂದರೆ ಇಂಥ ಬ್ರೇಕ್ ಬಿಡಿಸುವ ಔಷಧಿ, ಫಲಿಸುವ ಸಂಭವ ಹೆಚ್ಚು, ಖಾತ್ರಿಯಲ್ಲ. ಅಂಕ 1ಕ್ಕಿಂತ ಕಡಿಮೆ ಇದ್ದರೆ ಈ ಔಷಧಿಯೊಂದನ್ನೇ ಕೊಡುವುದರಲ್ಲಿ ಅರ್ಥ ಕಡಿಮೆ. 2025ರ ಜೂನ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಪರೇಷನ್ ಮಾಡಬಹುದಾದ ಮುಂದುವರಿದ ಹಂತದ ತಲೆ-ಕುತ್ತಿಗೆ ಕ್ಯಾನ್ಸರಿಗೂ, ಸಿಪಿಎಸ್ 1 ಅಥವಾ ಮೇಲಿದ್ದರೆ, ಆಪರೇಷನ್ನಿನ ಮುಂಚೆ ಮತ್ತು ನಂತರ ಇದೇ ಔಷಧಿ ಕೊಡಲು ಒಪ್ಪಿಗೆ ನೀಡಿತು. ಪಿಡಿ-ಎಲ್1 ಪರೀಕ್ಷೆಗೆ ಬರೆಯುವುದು ಇನ್ನು ಮುಂದೆ ಹೆಚ್ಚುವುದು ಇದರಿಂದಾಗಿಯೇ.

ಬೆಲೆಯ ಮಾತಾಡದೆ ಈ ಪರೀಕ್ಷೆಯ ಬಗ್ಗೆ ಬರೆಯುವುದು ನ್ಯಾಯವಲ್ಲ. ಪೂರ್ಣ ಪ್ರಮಾಣದ ಇಮ್ಯುನೋಥೆರಪಿಗೆ ತಗಲುವುದು ಲಕ್ಷಗಳಲ್ಲಿ, ಅದೂ ಮೂರು ವಾರಕ್ಕೊಮ್ಮೆ. ಎರಡೆಕರೆ ತೋಟ, ಒಂದು ಮನೆ ಇರುವವರು ಅದಕ್ಕಾಗಿ ತೋಟ ಮಾರಬೇಕೇ ಎಂದು ಕೇಳುವ ಸ್ಥಿತಿ ಬರುತ್ತದೆ. ಇಂಥವರಿಗಾಗಿಯೇ ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಂಡ ಮಾಡಿದ ಪ್ರಯೋಗ ನಮಗೆ ಬಹಳ ಮುಖ್ಯ. 151 ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮೂರು ಅಗ್ಗದ ಮಾತ್ರೆಗಳ ಮೆಟ್ರೊನಾಮಿಕ್ (ಕಡಿಮೆ ಪ್ರಮಾಣದಲ್ಲಿ ಬಿಡದೆ ಕೊಡುವ) ಚಿಕಿತ್ಸೆ: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್. ಉಳಿದವರಿಗೆ ಇದರ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್, ಇದೂ ಪಿಡಿ-1ರ ಬ್ರೇಕ್ ಬಿಡಿಸುವ ಔಷಧಿ. ವಾಡಿಕೆಯ ಡೋಸ್ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ. ಒಂದು ವರ್ಷ ಬದುಕಿದವರು ಮೊದಲ ಗುಂಪಿನಲ್ಲಿ ಶೇ. 16.3, ಎರಡನೆಯದರಲ್ಲಿ ಶೇ. 43.4. ಈ ಪ್ರಯೋಗಕ್ಕೆ ರೋಗಿಗಳನ್ನು ಪಿಡಿ-ಎಲ್1 ಅಂಕ ನೋಡಿ ಆರಿಸಿರಲಿಲ್ಲ. ಪೂರ್ತಿ ಡೋಸ್ ಕೊಳ್ಳಲಾಗದವರಿಗೆ ಪರೀಕ್ಷೆಗೆ ಹಾಕುವ ಸಾವಿರಾರು ರೂಪಾಯಿ ಇದರ ಒಂದು ಡೋಸಿಗೆ ಹೆಚ್ಚು ಉಪಯೋಗಕ್ಕೆ ಬರಬಹುದು ಎಂದು ವೈದ್ಯರೊಂದಿಗೆ ಬಿಚ್ಚಿ ಮಾತಾಡಬೇಕು. ಯಾವ ಡೋಸ್ ಆದರೂ ಹೊಸದಾಗಿ ಕೆಮ್ಮು, ಏದುಸಿರು, ಭೇದಿ, ವಿಪರೀತ ಸುಸ್ತು ಕಂಡರೆ ಮುಂದಿನ ತಾರೀಕಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬ್ರೇಕ್ ಬಿಟ್ಟ ಟಿ ಕೋಶಗಳು ಶ್ವಾಸಕೋಶ, ಕರುಳು, ಥೈರಾಯ್ಡಿನ ಮೇಲೂ ತಿರುಗಿಬೀಳಬಲ್ಲವು.

ಮಚ್ಚೆಗೇ ಈ ಔಷಧಿ ಕೊಟ್ಟು ನೋಡಿದವರಿಲ್ಲವೇ? ಇದ್ದಾರೆ. ಅಮೆರಿಕದಲ್ಲಿ ಕ್ಯಾನ್ಸರಿನ ಅಪಾಯ ಅತಿ ಹೆಚ್ಚಿದ್ದ, ಮತ್ತೆ ಮತ್ತೆ ಹಬ್ಬುವ ಬಗೆಯ ಲ್ಯುಕೋಪ್ಲೇಕಿಯಾ ಇದ್ದ 33 ಜನರಿಗೆ ನಿವೊಲುಮ್ಯಾಬ್ ಕೊಟ್ಟಾಗ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಜನರಲ್ಲಿ ಮಚ್ಚೆ ಬಹಳ ಕುಗ್ಗಿತು. ಆದರೂ 9 ಜನರಿಗೆ ಮುಂದೆ ಕ್ಯಾನ್ಸರ್ ಬಂತು. ಹೋಲಿಕೆಯ ಗುಂಪು ಇಲ್ಲದ ಸಣ್ಣ ಪ್ರಯೋಗ ಅದು. ದಾರಿ ಇದೆ ಎಂದು ಅದು ತೋರಿಸುತ್ತದೆ, ನಮ್ಮ ಕ್ಲಿನಿಕ್ಕಿಗೆ ಇನ್ನೂ ಬಂದಿಲ್ಲ.

ಹಾಗಾಗಿ ಮಚ್ಚೆ, ಬಿಗಿತ ಇರುವವರಿಗೆ ಇವತ್ತು ಕೆಲಸಕ್ಕೆ ಬರುವುದು ಹಳೆಯ ದಾರಿಯೇ. ಎರಡು ವಾರದಲ್ಲಿ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಉದ್ದಕ್ಕೆ ನಿಲ್ಲಿಸಿದಾಗ ಹೊಗದಷ್ಟು ಬಿಗಿದ ಬಾಯಿ, ಇವುಗಳಲ್ಲಿ ಯಾವುದಿದ್ದರೂ ದಂತ ಆಸ್ಪತ್ರೆಗೆ ಹೋಗಿ. ಮಚ್ಚೆಗೋ ಹುಣ್ಣಿಗೋ ಬಯಾಪ್ಸಿ ಎಂದರೆ ‘ಕೆಣಕಿದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತಿಗೆ ಕಿವಿ ಕೊಡಬೇಡಿ. ಅದರಲ್ಲಿ ಡಿಸ್‌ಪ್ಲೇಸಿಯಾದ ದರ್ಜೆ ಏನೆಂದು ಕೇಳಿ ಬರೆದುಕೊಳ್ಳಿ. ತೀವ್ರವಿದ್ದರೆ ಮಚ್ಚೆ ತೆಗೆಸುವ ಮಾತು ಬರುತ್ತದೆ. ಸೌಮ್ಯವಿದ್ದರೂ ಮೂರರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು. ಎಲೆಅಡಿಕೆಯಿಂದ ತಂಬಾಕು ಮಾತ್ರ ಬಿಟ್ಟು ಅಡಿಕೆ ಮುಂದುವರಿಸಿದರೆ ಬಿಗಿತ ನಿಲ್ಲುವುದಿಲ್ಲ, ಎರಡೂ ಹೋಗಬೇಕು. ಬಿಡಲು ಕಷ್ಟವಾದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-11-2356 ಉಚಿತ.

ಕ್ಯಾನ್ಸರ್ ಆಗಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವವರು ಇಲ್ಲಿನ ಆಸ್ಪತ್ರೆಯಿಂದ ವರದಿ, ಬಣ್ಣ ಹಾಕಿದ ಸ್ಲೈಡು ಮಾತ್ರ ತೆಗೆದುಕೊಂಡು ಹೋಗುವುದು ವಾಡಿಕೆ. ಪಿಡಿ-ಎಲ್1 ಪರೀಕ್ಷೆಗೆ ಅದು ಸಾಲದು. ಮೇಣದ ಬ್ಲಾಕನ್ನೇ ಕೇಳಿ ಪಡೆಯಬೇಕು, ಏಕೆಂದರೆ ಹೊಸದಾಗಿ ಸೀಳಿದ ಪದರದ ಮೇಲೆ ಮಾತ್ರ ಈ ಬಣ್ಣ ಸರಿಯಾಗಿ ಹತ್ತುತ್ತದೆ. ತಿಂಗಳುಗಟ್ಟಲೆ ಸೀಳಿಟ್ಟ ಸ್ಲೈಡಿನಲ್ಲಿ ಬಣ್ಣ ಮಾಸಿ ಅಂಕ ಕಡಿಮೆ ಬರುತ್ತದೆ. ಬ್ಲಾಕಿನ ಮೇಲಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಇದೆಯೇ ನೋಡಿ, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಡೆ ಇಡಬೇಡಿ, ಮೇಣ ಕರಗುತ್ತದೆ. ಕೊಟ್ಟ ಬ್ಲಾಕಿಗೆ ಆಸ್ಪತ್ರೆ ಸಹಿ ಹಾಕಿಸಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಉಳಿದ ಬ್ಲಾಕನ್ನು ವಾಪಸು ತಂದುಕೊಡಿ. ಎರಡು ವರ್ಷದ ನಂತರ ರೋಗ ಮರುಕಳಿಸಿದರೆ ವೈದ್ಯರು ಮೊದಲು ಕೇಳುವ ವಸ್ತುಗಳಲ್ಲಿ ಅದೂ ಒಂದು.